ಮಳೆಯ ಆತಂಕಕ್ಕೆ ನಂಬಿಕೆಯ ಚಿಕಿತ್ಸೆ

ಒಂದೇ ಸಂಗತಿ ಒಬ್ಬರನ್ನು ಕಂಗೆಡಿಸಿ ಇನ್ನೊಬ್ಬರನ್ನು ನಿರಾಳವಾಗಿ ಬಿಡುವುದಕ್ಕೆ ಅದಕ್ಕೆ ಅವರವರು ಕಟ್ಟಿಕೊಂಡ ಅರ್ಥವೇ ಕಾರಣ ಎಂಬ ತಿಳಿವಳಿಕೆಯ ಮೇಲೆ ಅರಿವಿನ ಚಿಕಿತ್ಸೆ, ಎಂದರೆ ಆಲೋಚನೆಯನ್ನು ಪರೀಕ್ಷಿಸಿ ತಿದ್ದುವ ಮನೋಚಿಕಿತ್ಸೆ, ನಿಂತಿದೆ. ಈ ಚಿಕಿತ್ಸೆಯ ಪ್ರವರ್ತಕ ಆರನ್ ಬೆಕ್ ಮತ್ತು ಗ್ಯಾರಿ ಎಮರಿ 1985ರಲ್ಲಿ ಹೊರತಂದ ಗ್ರಂಥದ ಪ್ರಕಾರ, ಆತಂಕಕ್ಕೊಳಗಾದವರು ಅಪಾಯದ ಸಂಭವವನ್ನೂ ತೀವ್ರತೆಯನ್ನೂ ಹಿಗ್ಗಿಸಿ, ತಮ್ಮ ಸಾಮರ್ಥ್ಯವನ್ನೂ ಒದಗಬಹುದಾದ ನೆರವನ್ನೂ ಕುಗ್ಗಿಸಿ ನೋಡುತ್ತಾರೆ. ಪ್ರಚೋದಕದಿಂದ, ಅಂದರೆ ಆತಂಕವನ್ನು ಕೆಣಕುವ ಸಂಗತಿಯಿಂದ, ಓಡಿಹೋಗದೆ ಈ ನಾಲ್ಕು ಅಂದಾಜುಗಳನ್ನು ಸಾಕ್ಷ್ಯದೊಂದಿಗೆ ತಾಳೆ ನೋಡುವುದೇ ಚಿಕಿತ್ಸೆಯ ಕೆಲಸ.

ಈ ವಾದದ ಬಲವೂ ಮಿತಿಯೂ ಚೆನ್ನೈನ ಮಳೆಗಾಲದಲ್ಲಿ ಒಟ್ಟಿಗೇ ಕಾಣುತ್ತವೆ. 2015ರ ಡಿಸೆಂಬರ್ ಆರಂಭದ ಒಂದೇ ದಿನದಲ್ಲಿ ನುಂಗಂಬಾಕ್ಕಂನ ಹವಾಮಾನ ಕೇಂದ್ರ ಸುಮಾರು 29 ಸೆಂಟಿಮೀಟರ್ ಮಳೆಯನ್ನು ದಾಖಲಿಸಿದರೆ ತಾಂಬರಂನಲ್ಲಿ ಸುಮಾರು 49 ಸೆಂಟಿಮೀಟರ್ ಸುರಿದು, ಅಡ್ಯಾರು ನದಿ ಉಕ್ಕಿ ಬಡಾವಣೆಗಳು ಮುಳುಗಿದವು. ಅದನ್ನು ಕಂಡವರಿಗೆ ಆ ಕೇಂದ್ರ ಹೊರಡಿಸುವ ಕೆಂಪು ಎಚ್ಚರಿಕೆಯೇ ಪ್ರಚೋದಕವಾಗಬಲ್ಲದು. 2024ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದೊಡನೆ ವೇಳಚೇರಿಯ ನಿವಾಸಿಗಳು ತಮ್ಮ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಭಯವನ್ನು ತಾತ್ಕಾಲಿಕವಾಗಿ ತಗ್ಗಿಸಿ, ಅದರ ಹಿಂದಿನ ನಂಬಿಕೆಯನ್ನು ಪರೀಕ್ಷೆಯಿಂದ ಪಾರುಮಾಡುವ ನಡವಳಿಕೆಯನ್ನು ಮನಶ್ಶಾಸ್ತ್ರಜ್ಞ ಪಾಲ್ ಸಾಲ್ಕೋವ್ಸ್ಕಿಸ್ ಸುರಕ್ಷತಾ ವರ್ತನೆ ಎಂದು ಗುರುತಿಸಿದ್ದಾರೆ. ಆದರೆ ವೇಳಚೇರಿಯಂತೆ ಜೌಗುಪ್ರದೇಶದ ಅಂಚಿನಲ್ಲಿ ಬೆಳೆದ ಬಡಾವಣೆಯವರು ಕಾರನ್ನು ಎತ್ತರಕ್ಕೆ ಒಯ್ಯುವುದನ್ನು ಆ ಪಟ್ಟಿಗೆ ಸೇರಿಸುವುದು ಶಾಸ್ತ್ರದ ದುರುಪಯೋಗವೇ ಸರಿ. ಇರುಳಿಡೀ ರಾಡಾರ್ ಚಿತ್ರಗಳನ್ನು ತಿರುತಿರುಗಿ ನೋಡುವುದು, ಮೋಡ ಕವಿದರೆ ಸಾಕು ಮನೆಯಿಂದ ಹೊರಬೀಳದಿರುವುದು ಮಾತ್ರ ಬೇರೆ ಮಾತು.

ಆದ್ದರಿಂದ ತಿದ್ದಬೇಕಾದದ್ದು ‘ನೀರು ನುಗ್ಗಬಹುದು’ ಎಂಬ ನಂಬಿಕೆಯನ್ನಲ್ಲ, ‘ಪ್ರತಿ ಮಳೆಯೂ 2015ರದ್ದೇ, ಬಂದರೆ ತನ್ನಿಂದ ಏನೂ ಆಗದು’ ಎಂಬುದನ್ನು. ನಾಲ್ಕನೆಯ ಅಂದಾಜಿನಲ್ಲಿ, ಎಂದರೆ ಹೊರಗಿನ ನೆರವಿನ ವಿಷಯದಲ್ಲಿ, ಈ ಚಿಕಿತ್ಸಾಕ್ರಮ ಇನ್ನಷ್ಟು ತೊಡಕಿಗೆ ಸಿಲುಕುತ್ತದೆ: 2015ರಲ್ಲಿ ಚೆಂಬರಂಬಾಕ್ಕಂ ಜಲಾಶಯದಿಂದ ಅಡ್ಯಾರಿಗೆ ನೀರು ಬಿಟ್ಟ ರೀತಿಯನ್ನು ಮಹಾಲೇಖಪಾಲರ ವರದಿಯೇ ಆಕ್ಷೇಪಿಸಿರುವಾಗ, ಆಡಳಿತದ ಮೇಲಿನ ಅಪನಂಬಿಕೆಯನ್ನು ರೋಗಿಯ ವಿಕೃತ ಆಲೋಚನೆಯೆಂದು ಕರೆಯಲಾಗದು, ಅದನ್ನು ಬದಲಿಸುವ ಹೊಣೆ ಆಪ್ತಸಲಹೆಗಾರರಿಗಿಂತ ಹೆಚ್ಚಾಗಿ ಆಡಳಿತದ್ದೇ.

ಹಾಗೆಂದು ವಿಧಾನ ನಿಷ್ಪ್ರಯೋಜಕವಲ್ಲ. ಭಯಪಟ್ಟದ್ದನ್ನೂ ನಡೆದದ್ದನ್ನೂ ಅಕ್ಕಪಕ್ಕದಲ್ಲಿ ಬರೆದು ಹೋಲಿಸುವ ಅದರ ಅಭ್ಯಾಸ, ನಿರೀಕ್ಷಿಸಿದಷ್ಟು ಮಳೆ ಸುರಿಯದ 2024ರ ಆ ಅಕ್ಟೋಬರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದೇ ಹಾಳೆಯಲ್ಲಿ, ನೀರು ನಿಜಕ್ಕೂ ನುಗ್ಗಿದ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ದಿನಗಳನ್ನೂ ಬರೆಯಬೇಕಾಗುತ್ತದೆ.