ಪಟ್ಟಿಯೊಳಗಿನ ಚಿಟ್ಟೆ, ಬದುವಿನ ಮೇಲಿನ ಕಂಬಳಿಹುಳು: ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಚಿಟ್ಟೆ ಅಧ್ಯಯನಗಳ ಒಂದು ವಿಮರ್ಶೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಪೀಠಿಕೆ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಇವತ್ತು ನಾನು ಹೊಸ ದತ್ತಾಂಶ ತಂದಿಲ್ಲ. ನಮ್ಮ ಭಾಗದಲ್ಲಿ ಚಿಟ್ಟೆಗಳ ಬಗ್ಗೆ ನಾವು ಬರೆಯುತ್ತಿರುವ ರೀತಿಯನ್ನು ವಿಮರ್ಶೆ ಮಾಡಬೇಕೆಂದು ಬಂದಿದ್ದೇನೆ. ವಿಮರ್ಶೆ ನನ್ನಿಂದಲೇ ಶುರುವಾಗಬೇಕು. ಸ್ನಾತಕೋತ್ತರ ತರಗತಿಯಲ್ಲಿದ್ದಾಗ ನಾನೂ ಒಂದು ಕಾಲೇಜಿನ ಆವರಣದ ಚಿಟ್ಟೆಗಳ ಪಟ್ಟಿ ಮಾಡಿದ್ದೆ. ಫೋಟೋ ಚೆನ್ನಾಗಿದ್ದವು, ಅಂಕವೂ ಬಂತು. ಆದರೆ ಆ ಪಟ್ಟಿಯಿಂದ ಅಲ್ಲಿ ಚಿಟ್ಟೆಗಳು ಹೆಚ್ಚಾಗುತ್ತಿವೆಯೋ ಕಡಿಮೆಯಾಗುತ್ತಿವೆಯೋ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

1. ಹೂವು ಕಂಡಿತು, ಎಲೆ ಕಾಣಲಿಲ್ಲ

ಮೊದಲು ಹೆಸರಿನಿಂದ ಹೊರಡೋಣ. ಗಡಹಿಂಗ್ಲಜ ಕಡೆಯ ಹಳ್ಳಿಗಳಲ್ಲಿ ಒಂದೇ ಮನೆಯಲ್ಲಿ ಕನ್ನಡವೂ ಮರಾಠಿಯೂ ಓಡಾಡುತ್ತವೆ. ಮರಾಠಿಯಲ್ಲಿ ಚಿಟ್ಟೆಗೆ ‘ಫುಲಪಾಖರೂ’, ಅಂದರೆ ಹೂವಿನ ಹಕ್ಕಿ. ನಮ್ಮ ಕಡೆಯ ಕನ್ನಡದಲ್ಲಿ ‘ಪಾತರಗಿತ್ತಿ’. ಬೇಂದ್ರೆಯವರ ಕವಿತೆಯಿಂದ ಈ ಹೆಸರು ಶಾಲೆ ಕಂಡ ಎಲ್ಲರಿಗೂ ಗೊತ್ತು. ಎರಡೂ ಹೆಸರುಗಳು ರೆಕ್ಕೆ ಬಂದ ಮೇಲಿನ ಜೀವಿಯನ್ನು ನೋಡಿ ಇಟ್ಟವು. ಅದೇ ಜೀವಿ ಎಲೆ ತಿನ್ನುತ್ತಿದ್ದಾಗ ಅದಕ್ಕೆ ಬೇರೆ ಹೆಸರು: ಮರಾಠಿಯಲ್ಲಿ ಸುರವಂಟ, ಕನ್ನಡದಲ್ಲಿ ಕಂಬಳಿಹುಳು, ಹೊಲದಲ್ಲಿ ಬರೀ ‘ಹುಳ’. ಒಂದನ್ನು ನೋಡಿ ಮಕ್ಕಳು ಓಡುತ್ತಾರೆ, ಇನ್ನೊಂದಕ್ಕೆ ಔಷಧಿ ಹೊಡೆಯುತ್ತೇವೆ.

ಭಾಷೆಯ ಈ ಒಡಕು ನಮ್ಮ ಸಂಶೋಧನೆಯಲ್ಲೂ ಹಾಗೇ ಇಳಿದಿದೆ ಅನ್ನೋದು ನನ್ನ ಮೊದಲ ಆಕ್ಷೇಪ. ಪಟ್ಟಿಗಳಲ್ಲಿ ಪ್ರೌಢ ಚಿಟ್ಟೆಯ ಹೆಸರಿರುತ್ತದೆ, ಮೊಟ್ಟೆ ಇಟ್ಟ ಗಿಡದ ಹೆಸರಿರುವುದಿಲ್ಲ. ಆದರೆ ಚಿಟ್ಟೆಯ ಬದುಕನ್ನು ನಿರ್ಧರಿಸುವುದು ಆ ಗಿಡ. ಪ್ಲೇನ್ ಟೈಗರ್‌ಗೆ ಎಕ್ಕ ಮತ್ತು ಅದರ ಬಳಗ ಬೇಕು. ಕಾಮನ್ ಜೆಝೆಬೆಲ್‌ಗೆ ಮರದ ಮೇಲಿನ ಬಂದಣಿಕೆ ಬೇಕು. ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿಯ ಕುಲ ಬೇಕು. ಮಕರಂದ ಯಾವ ಹೂವಿನಲ್ಲಾದರೂ ಸಿಗುತ್ತದೆ, ಆದರೆ ಮರಿಗೆ ಅನ್ನ ಆ ಒಂದೆರಡು ಗಿಡಗಳಲ್ಲೇ. ಹೀಗಾಗಿ ಬಣ್ಣದ ಹೂವಿನ ವಿದೇಶಿ ಗಿಡ ನೆಟ್ಟು ‘ಚಿಟ್ಟೆ ಉದ್ಯಾನ’ ಅಂತ ಬೋರ್ಡ್ ಹಾಕಿದರೆ ಅದು ಹೋಟೆಲ್ ಆಗುತ್ತದೆ, ಮನೆ ಆಗುವುದಿಲ್ಲ.

ಸರ್ಕಾರದ ದೃಷ್ಟಿಯೂ ಇದಕ್ಕಿಂತ ಬೇರೆ ಇಲ್ಲ. 2015ರಲ್ಲಿ ಮಹಾರಾಷ್ಟ್ರ ಬ್ಲೂ ಮಾರ್ಮನ್ ಅನ್ನು ರಾಜ್ಯ ಚಿಟ್ಟೆ ಎಂದು ಘೋಷಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಒಳ್ಳೆಯದೇ. ಆದರೆ ಬ್ಲೂ ಮಾರ್ಮನ್ ಲಿಂಬೆ ಜಾತಿಯ ಗಿಡಗಳ ಮೇಲೆ ಬೆಳೆಯುವ ಚಿಟ್ಟೆ, ತೋಟಗಳಲ್ಲೂ ಬದುಕಬಲ್ಲದು. ಅದು ಕ್ಷೇಮವಾಗಿದೆ ಅಂದ ಮಾತ್ರಕ್ಕೆ ಉಳಿದವು ಕ್ಷೇಮ ಅಂತ ಅರ್ಥವಲ್ಲ. ಇನ್ನೊಂದು ಕಡೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೆ ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯೂ ಬಹುಕಾಲ ಕೂತಿತ್ತು. ಅದರ ಮರಿ ತಿನ್ನುವುದು ಗೋಣಿಸೊಪ್ಪು. ನಾವು ಪ್ರತಿ ಸಲ ಕಳೆ ತೆಗೆಯುವಾಗ ಕಿತ್ತು ಎಸೆಯುವುದೂ ಅದನ್ನೇ. ಚಿಟ್ಟೆಗೆ ಕಾನೂನು ಇತ್ತು, ಅದರ ಅನ್ನಕ್ಕೆ ಇರಲಿಲ್ಲ.

2. ಮೂರು ಊರು, ಮೂರು ಮಳೆ

ಎರಡನೇ ಆಕ್ಷೇಪ ಹೋಲಿಕೆಯ ಬಗ್ಗೆ. ದಯವಿಟ್ಟು ಜಿಲ್ಲೆಯ ನಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಶ್ಚಿಮದ ಗಗನಬಾವಡಾದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಮೇಲೆ ಮಳೆ. ಪೂರ್ವದ ಶಿರೋಳದ ಕಡೆ ಬಂದರೆ ಅದರ ಹತ್ತರಲ್ಲೊಂದು ಪಾಲಿನಷ್ಟು. ಬಸ್ಸಿನಲ್ಲಿ ಅರ್ಧ ದಿನದೊಳಗೆ ದಾಟಬಹುದಾದ ದೂರ ಇದು. ಕೊಲ್ಹಾಪುರ ನಡುವೆ ಇದೆ, ಇಚಲಕರಂಜಿ ಪೂರ್ವದ ಒಣ ಭಾಗಕ್ಕೆ ಹತ್ತಿರ, ಗಡಹಿಂಗ್ಲಜ ದಕ್ಷಿಣದಲ್ಲಿ ಹಿರಣ್ಯಕೇಶಿಯ ದಂಡೆಯ ಮೇಲೆ.

ಹೀಗಿರುವಾಗ ರಾಧಾನಗರಿ ಕಾಡಿನ ಪಟ್ಟಿ ಉದ್ದ ಇದೆ, ಇಚಲಕರಂಜಿಯ ಪಟ್ಟಿ ಗಿಡ್ಡ ಇದೆ, ಆದ್ದರಿಂದ ಮಾಲಿನ್ಯ ಚಿಟ್ಟೆಗಳನ್ನು ಕೊಂದಿದೆ ಅಂತ ಬರೆದರೆ ಅದು ವಾದ ಆಗುವುದಿಲ್ಲ. ಕಾರ್ಖಾನೆ ಒಂದೂ ಇರದಿದ್ದರೂ ಒಣ ಬಯಲಿನ ಪಟ್ಟಿ ಮಲೆನಾಡಿನ ಪಟ್ಟಿಗಿಂತ ಗಿಡ್ಡವೇ ಇರುತ್ತಿತ್ತು.

ಮಾಲಿನ್ಯ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಇಚಲಕರಂಜಿಯ ಪವರ್‌ಲೂಮ್, ಬಣ್ಣಗಾರಿಕೆಯ ನೀರು ಪಂಚಗಂಗೆಗೆ ಸೇರುವ ಕಥೆ ಇಲ್ಲಿ ಕೂತ ಯಾರಿಗೂ ಹೊಸದಲ್ಲ. ಆದರೆ ಅದು ಚಿಟ್ಟೆಯನ್ನು ಯಾವ ದಾರಿಯಲ್ಲಿ ಮುಟ್ಟುತ್ತದೆ ಅಂತ ತೋರಿಸಬೇಕಲ್ಲವೇ? ಗಂಡು ಚಿಟ್ಟೆಗಳು ಉಪ್ಪಿನಂಶಕ್ಕಾಗಿ ಹಸಿ ಮಣ್ಣಿನ ಮೇಲೆ ಕೂತು ಹೀರುತ್ತವೆ. ಬಟ್ಟೆಗೆ ಬಣ್ಣ ಹಾಕುವಾಗ ಬಳಸುವುದರಲ್ಲಿ ಉಪ್ಪೂ ಒಂದು. ಅಂದರೆ ಹಳ್ಳದ ದಂಡೆಯಲ್ಲಿ ಒಂದು ಮುಂಜಾನೆ ಎಣಿಸಿದರೆ ಚಿಟ್ಟೆಗಳು ಹೆಚ್ಚೇ ಸಿಗುವ ಸಾಧ್ಯತೆ ಇದೆ! ಆ ಎಣಿಕೆ ಹಿಡಿದು ‘ಇಲ್ಲಿ ಪರಿಸರ ಚೆನ್ನಾಗಿದೆ’ ಅಂತ ಯಾರಾದರೂ ವರದಿ ಬರೆದರೆ ಏನು ಮಾಡೋದು? ದಂಡೆಯ ಗಿಡಗಳು ಉಳಿದಿವೆಯೇ, ಅವುಗಳ ಮೇಲೆ ಮೊಟ್ಟೆ, ಮರಿ ಇವೆಯೇ ಅಂತ ನೋಡದ ಹೊರತು ಪ್ರೌಢ ಚಿಟ್ಟೆಗಳ ಎಣಿಕೆ ಎರಡೂ ಕಡೆ ದಾರಿ ತಪ್ಪಿಸುತ್ತದೆ.

ಕೊಲ್ಹಾಪುರದ ನೆರೆಯ ವಿಷಯದಲ್ಲೂ ಇದೇ ತೊಡಕು. 2019ರ ಆಗಸ್ಟ್ ಮತ್ತು 2021ರ ಜುಲೈ ನೆರೆಯಲ್ಲಿ ಪಂಚಗಂಗೆಯ ಬಯಲು ದಿನಗಟ್ಟಲೆ ನೀರಿನಲ್ಲಿತ್ತು. ದಂಡೆಯ ಗಿಡದ ಮೇಲಿದ್ದ ಮೊಟ್ಟೆ, ಮರಿ, ಕೋಶಗಳಿಗೆ ಹಾರಿಹೋಗುವ ಅನುಕೂಲ ಇರುವುದಿಲ್ಲ. ಆದರೆ ನೆರೆಯ ನಂತರ ಒಂದು ಸಲ ಮಾಡಿದ ಪಟ್ಟಿ ನಷ್ಟವನ್ನು ಅಳೆಯಲಾರದು. ಅಳೆಯಲು ನೆರೆಗಿಂತ ಮುಂಚಿನ ಎಣಿಕೆ ಬೇಕು, ಅದೇ ಜಾಗದ್ದು, ಅದೇ ರೀತಿಯದ್ದು.

3. ಬೇರೆ ಕಡೆ ಏನು ಕಲಿತರು

ಇಲ್ಲಿ ಎರಡು ಉದಾಹರಣೆ ಕೊಡ್ತೀನಿ. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಹವ್ಯಾಸಿ ಕೀಟಾಸಕ್ತರು ಸಂರಕ್ಷಿತ ಪ್ರದೇಶಗಳಲ್ಲಿ ಒಂದೇ ಮಾದರಿಯ ಬಲೆ ಇಟ್ಟು, ಬಿದ್ದ ಕೀಟಗಳನ್ನು ತೂಗುತ್ತಾ ಬಂದರು. 27 ವರ್ಷಗಳ ಲೆಕ್ಕ 2017ರಲ್ಲಿ ಪ್ರಕಟವಾದಾಗ ಹಾರುವ ಕೀಟಗಳ ತೂಕ ನೂರಕ್ಕೆ 75ಕ್ಕಿಂತ ಹೆಚ್ಚು ಇಳಿದದ್ದು ಗೊತ್ತಾಯಿತು. ಅವರ ದೊಡ್ಡಸ್ತಿಕೆ ಅಪರೂಪದ ಜಾತಿ ಕಂಡುಹಿಡಿದದ್ದರಲ್ಲಿ ಇಲ್ಲ. ಬೇಜಾರಿಲ್ಲದೆ ಅದೇ ಕೆಲಸವನ್ನು ಅದೇ ರೀತಿ ಮಾಡಿದ್ದರಲ್ಲಿ ಇದೆ.

ಎರಡನೆಯದು ಇಂಗ್ಲೆಂಡಿನ ಲಾರ್ಜ್ ಬ್ಲೂ. ಈ ಚಿಟ್ಟೆಯ ಮರಿ ಒಂದು ಜಾತಿಯ ಕೆಂಪು ಇರುವೆಯ ಗೂಡಿನಲ್ಲಿ ಬೆಳೆಯುತ್ತದೆ. ಸಂಗ್ರಹಕಾರರಿಂದ ಕಾಪಾಡಲು ಜಾಗಕ್ಕೆ ಬೇಲಿ ಹಾಕಿದರು. ದನ, ಕುರಿ ಮೇಯುವುದು ನಿಂತಿತು, ಹುಲ್ಲು ಎತ್ತರ ಬೆಳೆಯಿತು, ನೆಲ ತಂಪಾಯಿತು, ಇರುವೆ ಹೋಯಿತು. 1979ರಲ್ಲಿ ಅಲ್ಲಿ ಚಿಟ್ಟೆಯೂ ಅಳಿಯಿತು. ಕಾರಣ ತಿಳಿದ ಮೇಲೆ ಮೇಯಿಸುವಿಕೆ ಮತ್ತೆ ಶುರು ಮಾಡಿ, ಸ್ವೀಡನ್‌ನಿಂದ ಚಿಟ್ಟೆ ತಂದು ನೆಲೆಗೊಳಿಸಿದರು. ನಮ್ಮ ಬೋಳುಗುಡ್ಡಗಳನ್ನು, ಜಂಬಿಟ್ಟಿಗೆ ಕಲ್ಲಿನ ಬಯಲುಗಳನ್ನು ‘ಪಾಳು’ ಅಂತ ಕರೆದು ಮರ ನೆಡಲು ಹೊರಡುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಪ್ರೀತಿ ಸಾಲದು, ಜೀವಿಯ ಬಾಳು ಹೇಗೆ ನಡೀತದೆ ಅನ್ನೋದು ಗೊತ್ತಿರಬೇಕು.

4. ಕಬ್ಬಿನ ಬಗ್ಗೆ ಮೌನ

ಈಗ ಮುಖ್ಯ ಮಾತಿಗೆ ಬರ್ತೀನಿ. ಈ ಮೂರೂ ಊರುಗಳ ಸುತ್ತ ಕಣ್ಣಿಗೆ ಕಾಣುವ ದೊಡ್ಡ ಪರಿಸರ ಬದಲಾವಣೆ ಯಾವುದು? ಕಬ್ಬು. ಆದರೂ ನಮ್ಮ ಪ್ರಬಂಧಗಳು ಆವರಣ, ಉದ್ಯಾನ, ಅಭಯಾರಣ್ಯಗಳಲ್ಲೇ ಸುತ್ತುತ್ತವೆ. ಕಬ್ಬಿನ ಹೊಲಕ್ಕೆ ಯಾಕೆ ಹೋಗುವುದಿಲ್ಲ? ಅದು ನಮ್ಮದೇ ಮನೆಯ ಅನ್ನ. ಪ್ರಶ್ನೆ ಕೇಳಿದರೆ ಅಪ್ಪನನ್ನೇ ಕೇಳಬೇಕಾಗುತ್ತದೆ.

ನಾನು ಕೇಳಿದೆ. ನಮ್ಮ ಹೊಲದ ಬದುವಿಗೆ ಕಳೆನಾಶಕ ಹೊಡೆಯಲು ಶುರು ಮಾಡಿ ಕೆಲವು ವರ್ಷವಾಯಿತು. ಎಕ್ಕ, ತುಂಬೆ, ಗೋಣಿಸೊಪ್ಪು ಎಲ್ಲ ಹೋಗಿವೆ. ‘ಆಳು ಸಿಗೂದಿಲ್ಲ, ಬದಾ ಯಾರ ಕಡಿಯೂದು?’ ಅಂದರು. ಅವರ ಮಾತು ಸುಳ್ಳಲ್ಲ. ಕಾಂಡ ಕೊರೆಯುವ ಹುಳಕ್ಕೆ ಹಾಕುವ ಕ್ಲೋರಾಂಟ್ರಾನಿಲಿಪ್ರೋಲ್‌ನಂಥ ಔಷಧಿಗಳು ಮುಖ್ಯವಾಗಿ ಕಂಬಳಿಹುಳುವಿನ ಜಾತಿಯನ್ನೇ ಗುರಿ ಮಾಡಿದವು. ಕಾಂಡ ಕೊರಕ ಪತಂಗದ ಮರಿ. ಚಿಟ್ಟೆಯೂ ಅದೇ ಗಣಕ್ಕೆ ಸೇರಿದ್ದು. ಸಿಂಪಡಿಸಿದ ಔಷಧಿ ಬದುವಿಗೆ ಹಾರಿದರೆ ಯಾವ ಮರಿ ಶತ್ರು, ಯಾವುದು ಅಲ್ಲ ಅಂತ ಅದು ಕೇಳುವುದಿಲ್ಲ.

ಹುಳ ಎಲ್ಲ ಶತ್ರು ಅನ್ನುವ ನಂಬಿಕೆಗೆ ನಮ್ಮದೇ ನೆಲದಲ್ಲಿ ಉತ್ತರ ಸಿಕ್ಕಿತ್ತು. 2002ರಲ್ಲಿ ಪಕ್ಕದ ಸಾಂಗಲಿ ಜಿಲ್ಲೆಯಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿತ್ತು. ಬೇಗನೇ ನಮ್ಮ ಕಡೆಗೂ, ಉತ್ತರ ಕರ್ನಾಟಕಕ್ಕೂ ಹಬ್ಬಿತು. ಆ ಹೇನನ್ನು ತಿಂದು ಹಿಡಿತಕ್ಕೆ ತಂದ ಜೀವಿಗಳಲ್ಲಿ ಡೈಫಾ ಅಫಿಡಿವೋರಾ ಮುಖ್ಯವಾದದ್ದು. ಅದು ಏನು ಗೊತ್ತೇ? ಒಂದು ಪತಂಗ. ಹೇನು ತಿನ್ನುತ್ತಿದ್ದದ್ದು ಅದರ ಕಂಬಳಿಹುಳು. ಸಿಕ್ಕಾಪಟ್ಟೆ ಔಷಧಿ ಹೊಡೆದ ಹೊಲದಲ್ಲಿ ಈ ಮಿತ್ರನೂ ಸಾಯುತ್ತಿತ್ತು. ಕೀಟ ಸಂರಕ್ಷಣೆ ಅಂದರೆ ಓದಿದವರ ಶೋಕಿ ಅನ್ನುವವರಿಗೆ ನಾನು ಈ ಉದಾಹರಣೆ ಕೊಡ್ತೀನಿ. ಬಣ್ಣವಿಲ್ಲದ, ಯಾವ ರಾಜ್ಯದ ಲಾಂಛನವೂ ಆಗದ ಹುಳ ಅದು.

5. ಹಾಗಾದರೆ ಏನು ಮಾಡಬೇಕು

ನನ್ನ ಸಲಹೆ ಸಣ್ಣದು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗೆ ಹೊಸ ಜಾಗ ಕೊಡುವುದನ್ನು ನಿಲ್ಲಿಸೋಣ. ಒಂದು ನಿಗದಿತ ದಾರಿ, ನಿಗದಿತ ಅಗಲ, ನಿಗದಿತ ಹವಾಮಾನ, ವಾರಕ್ಕೊಮ್ಮೆ ನಡಿಗೆ. ಬ್ರಿಟನ್ನಿನಲ್ಲಿ 1976ರಿಂದ ನಡೆದು ಬಂದ ಪೊಲಾರ್ಡ್ ನಡಿಗೆಯ ಕ್ರಮ ಇದು, ಖರ್ಚಿಲ್ಲ. ಆ ದಾರಿಯ ಅರ್ಧ ಕಬ್ಬಿನ ಬದುವಿನ ಮೇಲೆ ಹೋಗಲಿ. ಮರಿ ಮತ್ತು ಗಿಡ ಎರಡನ್ನೂ ಬರೆದುಕೊಳ್ಳಲಿ. ಮಾರ್ಚ್–ಮೇ ತಿಂಗಳು ರಜೆ ಅಂತ ಬಿಡಬಾರದು. ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಗೆ ಮಳೆಗಾಲದಲ್ಲಿ ರೆಕ್ಕೆಯ ಮೇಲೆ ಕಣ್ಣಿನ ಚುಕ್ಕೆ ಇರುತ್ತವೆ, ಒಣಗಾಲದಲ್ಲಿ ಅದು ಒಣ ಎಲೆಯ ಹಾಗೆ ಕಾಣುತ್ತದೆ. ಹುಲ್ಲಿನ ಮೇಲೆ, ಭತ್ತದ ಮೇಲೆ ಬೆಳೆಯುವ ಸಾಮಾನ್ಯ ಚಿಟ್ಟೆ ಇದು. ಯಾವ ವಾರ ಯಾವ ರೂಪ ಕಂಡಿತು ಅಂತ ಹತ್ತು ವರ್ಷ ಬರೆದಿಟ್ಟರೆ ಬದಲಾಗುತ್ತಿರುವ ಮಳೆಯ ಬಗ್ಗೆ ಕೇಳಲು ಒಂದು ಗಟ್ಟಿ ಪ್ರಶ್ನೆ ಸಿಗುತ್ತದೆ.

ಚರ್ಚೆಯಿಂದ

ಪ್ರಾಧ್ಯಾಪಕರೊಬ್ಬರು ಕೇಳಿದರು: ಹತ್ತು ವರ್ಷದ ಕೆಲಸಕ್ಕೆ ಎರಡು ವರ್ಷದ ವಿದ್ಯಾರ್ಥಿ ಏನು ಮಾಡಬೇಕು? ಸರ್, ವಿದ್ಯಾರ್ಥಿ ಬದಲಾಗಲಿ, ದಾರಿ ಬದಲಾಗದಿರಲಿ. ನೋಟ್‌ಬುಕ್ ವಿಭಾಗದಲ್ಲಿ ಉಳಿಯಲಿ, ನಂತರ ಬಂದವರು ಮುಂದುವರಿಸಲಿ.

ಇನ್ನೊಬ್ಬ ಗೆಳತಿಯ ಪ್ರಶ್ನೆ ಕಠಿಣ: ಬದುವಿನ ಕಳೆ ಬಿಟ್ಟರೆ ಇಲಿ, ಹಾವು ಸೇರುತ್ತವೆ, ಆ ತೊಂದರೆ ರೈತನೇ ಯಾಕೆ ಹೊರಬೇಕು? ನಿಜ. ಅದಕ್ಕೇ ಎಲ್ಲ ಬದು ಬಿಡಿ ಅಂತ ನಾನು ಮನೆಯಲ್ಲಿ ಹೇಳಲಿಲ್ಲ. ಹಳ್ಳದ ಕಡೆಯ ಒಂದು ಬದುವಿಗೆ ಮಾತ್ರ ಔಷಧಿ ಬೇಡ, ಅದನ್ನು ನಾನೇ ಕುಡುಗೋಲು ಹಿಡಿದು ಅರ್ಧರ್ಧ ಕೊಯ್ತೀನಿ ಅಂತ ಒಪ್ಪಿಸಿದ್ದೇನೆ. ಈ ಮಳೆಗಾಲ ಅಲ್ಲಿ ಎಕ್ಕ ಮತ್ತೆ ಚಿಗುರಿದೆ. ಎಲೆಯ ಕೆಳಗೆ ಪ್ಲೇನ್ ಟೈಗರ್‌ನ ಮೊಟ್ಟೆ ಕಂಡವು. ಇದು ಒಂದು ಬದು, ಒಂದು ಋತು. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಮುಂದಿನ ವರ್ಷ ಇದೇ ಬದುವಿನ ಮೇಲೆ ಎಣಿಸಿದಾಗ ಹೋಲಿಸಲು ಈ ವರ್ಷದ ಲೆಕ್ಕ ನನ್ನ ಹತ್ತಿರ ಇರುತ್ತದೆ. ಕಾಲೇಜಿನ ಪಟ್ಟಿಯಲ್ಲಿ ನನಗೆ ಅದು ಇರಲಿಲ್ಲ.