ಮಲೆನಾಡಿನ ಮೂಲಿಕೆಗಳೂ ದೊಡ್ಡ ಕರುಳಿನ ಏಡಿಗಂತಿಯೂ: ಒಂದು ವಿಮರ್ಶೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಾಟಿ ವೈದ್ಯವನ್ನು ಕುರಿತ ಸಂಶೋಧನ ಲೇಖನಗಳು ಈಚಿನ ದಶಕಗಳಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಹೊರಬಿದ್ದಿವೆ. ಅವು ಬಹುಮಟ್ಟಿಗೆ ಎರಡು ಬಗೆಯವು. ಹಳ್ಳಿಗಳಿಗೆ ಹೋಗಿ, ವೈದ್ಯರನ್ನು ಕಂಡು, ಅವರು ಬಳಸುವ ಗಿಡಮರಗಳ ಹೆಸರನ್ನೂ ಉಪಯೋಗವನ್ನೂ ಪಟ್ಟಿ ಮಾಡುವ ಸಸ್ಯಶಾಸ್ತ್ರಜ್ಞರ ಬರಹ ಒಂದು ಬಗೆ. ಅಂಥ ಪಟ್ಟಿಯಿಂದ ಒಂದು ಗಿಡವನ್ನಾರಿಸಿ, ಅದರ ಸಾರವನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ರೋಗಕೋಶಗಳ ಮೇಲೆ ಪ್ರಯೋಗಿಸುವ ರಸಾಯನಜ್ಞರ ಬರಹ ಇನ್ನೊಂದು ಬಗೆ. ಈ ಎರಡನೆಯ ಬಗೆಯ ಲೇಖನಗಳ ಕೊನೆಯಲ್ಲಿ, ಪರೀಕ್ಷೆಗೊಳಗಾದ ಮೂಲಿಕೆಯು ಮುಂದೆ ದೊಡ್ಡ ಕರುಳಿನ ಏಡಿಗಂತಿಗೆ ಔಷಧಿಯಾಗಬಲ್ಲದೆಂಬ ವಾಕ್ಯವೊಂದು ಬಹುಮಟ್ಟಿಗೆ ತಪ್ಪದೆ ಬರುತ್ತದೆ. ಲೇಖಕರ ಶ್ರಮವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಕೊನೆಯ ವಾಕ್ಯಕ್ಕೆ ಅದರ ಹಿಂದಿನ ಪುಟಗಳಲ್ಲಿ ಆಧಾರವುಂಟೆ ಎಂಬುದೇ ಪ್ರಕೃತ ವಿಮರ್ಶೆಯ ವಿಷಯ.

ಮೊದಲು ರೋಗದ ಹೆಸರನ್ನು ನೋಡೋಣ. ನಾಟಿ ವೈದ್ಯರ ಬಾಯಲ್ಲಿರುವುದು ರಕ್ತಭೇದಿ, ಮೂಲವ್ಯಾಧಿ, ಗುಲ್ಮ, ಹೊಟ್ಟೆಯ ಗೆಡ್ಡೆ ಮೊದಲಾದ ಮಾತುಗಳು. ಇವು ರೋಗಿಯು ಹೇಳಿಕೊಂಡ, ಇಲ್ಲವೆ ವೈದ್ಯರ ಕೈಗೆ ತಾಗಿದ ಲಕ್ಷಣಗಳ ಹೆಸರುಗಳೇ ಹೊರತು ಸೂಕ್ಷ್ಮದರ್ಶಕದಡಿ ಕಂಡ ಅಂಗಾಂಶದ ಹೆಸರುಗಳಲ್ಲ. ಮಲದಲ್ಲಿ ರಕ್ತ ಬೀಳುವುದು ಆಮಶಂಕೆಯಿಂದಲೂ ಆಗಬಹುದು, ಮೂಲವ್ಯಾಧಿಯಿಂದಲೂ ಆಗಬಹುದು, ಏಡಿಗಂತಿಯಿಂದಲೂ ಆಗಬಹುದು. ಕೊಡಸಿಗೆಯ ಚಕ್ಕೆ ಭೇದಿಗೆ ಔಷಧಿಯೆಂಬುದು ಮಲೆನಾಡಿನಲ್ಲಿ ಮನೆಮನೆಯ ತಿಳಿವಳಿಕೆ. ಸಂಸ್ಕೃತ ವೈದ್ಯಗ್ರಂಥಗಳ ಕುಟಜವೂ ಇದೇ. ಇದರ ಹೂವನ್ನು ಒಣಗಿಸಿಟ್ಟುಕೊಂಡು ತಂಬುಳಿ ಮಾಡುವುದೂ ಇಲ್ಲಿಯ ಅಡುಗೆಯ ರೂಢಿ. ಇಂಥ ಮೂಲಿಕೆಯನ್ನು ‘ಕರುಳಿನ ರೋಗಗಳು’ ಎಂಬ ಸಡಿಲವಾದ ಶೀರ್ಷಿಕೆಯಡಿ ಒಬ್ಬರು ಬರೆದಿಟ್ಟರೆ, ಮುಂದಿನವರು ಅಲ್ಲಿಂದ ಏಡಿಗಂತಿಗೆ ಹಾರುವುದು ಸುಲಭ. ವೈದ್ಯರು ಹಾಗೆ ಹಾರಿರುವುದಿಲ್ಲ. ಅವರನ್ನು ಹಾರಿಸಿದುದು ಪಟ್ಟಿಯ ಶೀರ್ಷಿಕೆ.

ಗಿಡದ ಹೆಸರಿನದೂ ಇದೇ ತೊಡಕು. ಹಾಲೆಯೆಂಬ ಒಂದೇ ಹೆಸರು ಆಲ್‌ಸ್ಟೋನಿಯ ಸ್ಕೊಲಾರಿಸ್ ಎಂಬ ಮರಕ್ಕೂ ಸಲ್ಲುತ್ತದೆ, ರೈಟಿಯ ಟಿಂಕ್ಟೋರಿಯಕ್ಕೂ ಸಲ್ಲುತ್ತದೆ. ಈ ರೈಟಿಯದ ಬೀಜವೋ, ಮೂಲಿಕೆಯ ಅಂಗಡಿಗಳಲ್ಲಿ ಕೊಡಸಿಗೆಯ ಬೀಜದೊಡನೆ ಬೆರೆತುಹೋಗುವುದು ಹಳೆಯ ಕಥೆ. ಒಣಗಿಸಿ ಹೆಸರು ಬರೆದಿಟ್ಟ ಮಾದರಿಯೊಂದು ವಿಭಾಗದ ಸಸ್ಯಸಂಗ್ರಹದಲ್ಲಿ ಇಲ್ಲದ ಪಕ್ಷದಲ್ಲಿ, ಯಾವ ಮರದ ಸಾರ ಯಾವ ಕೋಶವನ್ನು ಕೊಂದಿತೆಂಬುದು ಹತ್ತು ವರ್ಷಗಳ ಮೇಲೆ ಲೇಖಕರಿಗೇ ತಿಳಿಯದು.

ಇನ್ನು ಗಾಜಿನ ತಟ್ಟೆಯ ಮಾತು. ಮುರುಗಲಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಮುಂತಾದ ವಸ್ತುಗಳನ್ನು ಎಚ್.ಟಿ. ೨೯ ಎಂಬ ಕೋಶಗಳ ಮೇಲೆ ಪರೀಕ್ಷಿಸಿದ್ದಾರೆ. ಈ ಕೋಶಗಳು ೧೯೬೪ರಲ್ಲಿ ಒಬ್ಬ ಸ್ತ್ರೀಯ ಕರುಳಿನ ಗಂತಿಯಿಂದ ತೆಗೆದು ಅಂದಿನಿಂದ ಬೆಳೆಸುತ್ತ ಬಂದಿರುವ ಸಂತತಿಯವು. ತಟ್ಟೆಯಲ್ಲಿ ಕೋಶ ಸತ್ತಿತೆಂಬುದು ಸುದ್ದಿಯೇನೋ ಹೌದು. ಉಪ್ಪಾಗಲಿ ಮದ್ಯಸಾರವಾಗಲಿ ಹೆಚ್ಚು ಸುರಿದರೂ ಅದು ಸಾಯುತ್ತದೆ. ಕೇಳಬೇಕಾದುದು ಪ್ರಮಾಣವನ್ನು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಕಚ್ಚಾ ಸಾರಕ್ಕೆ ಇಟ್ಟ ಮಿತಿ ಮಿಲಿಲೀಟರಿಗೆ ೩೦ ಮೈಕ್ರೋಗ್ರಾಂ. ಇದನ್ನು ಎಷ್ಟೋ ಪಾಲು ಮೀರಿದ ಪ್ರಮಾಣದಲ್ಲಿ ಕೋಶ ಸತ್ತರೂ ಕೆಲವರು ಅದನ್ನು ‘ಗಣನೀಯ’ವೆಂದು ಬರೆಯುತ್ತಾರೆ.

ನಮ್ಮ ಅರಿಶಿನದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅದರ ಕರ್ಕ್ಯುಮಿನ್ ತಟ್ಟೆಯಲ್ಲಿ ಫಲ ತೋರಿಸುವುದು ಸಾಮಾನ್ಯವಾಗಿ ೧೦ ಮೈಕ್ರೋಮೋಲ್ ಅಥವಾ ಅದಕ್ಕೆ ಮೇಲ್ಪಟ್ಟ ಪ್ರಮಾಣದಲ್ಲಿ. ಇಂಗ್ಲೆಂಡಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕರುಳಿನ ಏಡಿಗಂತಿಯ ರೋಗಿಗಳು ದಿನಕ್ಕೆ ೩.೬ ಗ್ರಾಂ ಕರ್ಕ್ಯುಮಿನ್ ನುಂಗಿದಾಗ ಅವರ ರಕ್ತದಲ್ಲಿ ಕಂಡದ್ದು ಸುಮಾರು ೧೧ ನ್ಯಾನೋಮೋಲ್. ಎಂದರೆ ತಟ್ಟೆಯಲ್ಲಿದ್ದುದರ ಒಂಬೈನೂರರಲ್ಲೊಂದು ಪಾಲು. ಇದಕ್ಕೆ ಒಂದು ಸಮಾಧಾನವುಂಟು. ನುಂಗಿದ ವಸ್ತು ರಕ್ತಕ್ಕೆ ಸೇರದೆ ಹೋದರೂ ಕರುಳಿನ ಒಳಪದರವನ್ನು ನೇರವಾಗಿ ಮುಟ್ಟುತ್ತದೆ. ಆದುದರಿಂದ ಮೂಲಿಕೆಗೆ ಬೇರೆ ಅಂಗಗಳಲ್ಲಿಲ್ಲದ ಅವಕಾಶ ದೊಡ್ಡ ಕರುಳಿನಲ್ಲಿದೆ. ಈ ವಾದ ತೂಕವುಳ್ಳದ್ದು. ಆದರೆ ಇದನ್ನು ಪರೀಕ್ಷೆಗೊಡ್ಡಿದಾಗ, ಕರುಳಿನ ತುಂಬ ಗಂಟುಗಳೇಳುವ ಆನುವಂಶಿಕ ರೋಗವುಳ್ಳವರಿಗೆ ದಿನಕ್ಕೆ ೩ ಗ್ರಾಂನಂತೆ ಒಂದು ವರ್ಷ ಕೊಟ್ಟರೂ, ಹುಸಿಗುಳಿಗೆ ತೆಗೆದುಕೊಂಡವರಿಗೂ ಇವರಿಗೂ ಗಂಟುಗಳ ಸಂಖ್ಯೆಯಲ್ಲಾಗಲಿ ಗಾತ್ರದಲ್ಲಾಗಲಿ ಭೇದ ಕಾಣಲಿಲ್ಲವೆಂದು ೨೦೧೮ರಲ್ಲಿ ವರದಿಯಾಯಿತು. ಯಕೃತ್ತಿಗೆ ಹಬ್ಬಿದ ರೋಗಕ್ಕಂತೂ ಈ ವಾದವೇ ತಲುಪದು.

ಹಾಗಾದರೆ ಕಾಡಿನ ಮರಕ್ಕೂ ಈ ರೋಗಕ್ಕೂ ಸಂಬಂಧವೇ ಇಲ್ಲವೆ? ಉಂಟು, ಅದೂ ನಮ್ಮ ಘಟ್ಟಗಳಲ್ಲಿಯೇ ಉಂಟು. ಅಮೆರಿಕದಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಚೀನದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ ೧೯೬೬ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದೇ ವಸ್ತು ಪಶ್ಚಿಮ ಘಟ್ಟದ ಒಂದು ಸಣ್ಣ ಮರದಲ್ಲಿ ಹೇರಳವಾಗಿದೆಯೆಂದು ಮುಂಬಯಿಯ ಗೋರೆಗಾಂವಿನ ಸೀಬಾ ಸಂಶೋಧನ ಕೇಂದ್ರದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ೧೯೭೨ರಲ್ಲಿ ತೋರಿಸಿದರು. ಹಿಂದೆ ಮಾಪಿಯ ಫೀಟಿಡ ಎಂದೂ ಈಗ ನೋಥಪೊಡೈಟಿಸ್ ನಿಮ್ಮೋನಿಯಾನ ಎಂದೂ ಕರೆಯುವ ಈ ಮರಕ್ಕೆ ಅದರ ನಾತದಿಂದಾಗಿ ಕನ್ನಡದಲ್ಲಿ ದುರ್ವಾಸನೆಯ ಮರವೆಂದು ಹೆಸರು. ಇದು ಬೆಳಕಿಗೆ ಬಂದದ್ದು ಏಡಿಗಂತಿಯ ಔಷಧಿಯೆಂಬ ನಾಟಿ ಖ್ಯಾತಿಯಿಂದಲ್ಲ. ಚೀನದ ಮರವೂ ಮೊದಲು ರಸಾಯನಜ್ಞರ ಕೈಗೆ ಬಂದದ್ದು ಸ್ಟೀರಾಯ್ಡುಗಳ ಹುಡುಕಾಟದಲ್ಲಿ. ಪಟ್ಟಿಯೇ ಏಕಮಾತ್ರ ದಾರಿಯೆಂದು ಬರೆಯುವವರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮುಂದಿನ ಕಥೆ ಇನ್ನೂ ಬೋಧಪ್ರದ. ನೀರಿನಲ್ಲಿ ಕರಗದ ಆ ವಸ್ತುವನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿ ರೋಗಿಗಳಿಗೆ ಕೊಟ್ಟರು. ಹಾಗೆ ಮಾರ್ಪಡಿಸುವಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಗುಣ ಬಹುಪಾಲು ಹೋಯಿತು. ಮೂತ್ರಕೋಶದ ರಕ್ತಸ್ರಾವವೊಂದು ಉಳಿಯಿತು. ೧೯೭೦ರ ದಶಕದ ಮೊದಲಲ್ಲಿಯೇ ಆ ಪರೀಕ್ಷೆ ನಿಂತಿತು. ೧೯೮೫ರಲ್ಲಿ, ಈ ವಸ್ತುವು ಕೋಶದೊಳಗಿನ ಟೊಪೊಐಸೊಮರೇಸ್ ೧ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸಿ ಡಿ.ಎನ್.ಎ. ಎಳೆಯನ್ನು ಮುರಿಯುತ್ತದೆಂಬುದು ತಿಳಿದುಬಂದಿತು. ಜಪಾನಿನಲ್ಲಿ ಅಣುವನ್ನು ತಿದ್ದಿ ಇರಿನೊಟೆಕಾನನ್ನು ಸಿದ್ಧಪಡಿಸಿದರು. ೧೯೯೬ರಲ್ಲಿ ಅಮೆರಿಕದಲ್ಲಿ ಅದಕ್ಕೆ ಹಬ್ಬಿದ ಕರುಳಿನ ಏಡಿಗಂತಿಯ ಔಷಧಿಯೆಂದು ಮಾನ್ಯತೆ ದೊರೆಯಿತು. ಒಟ್ಟು ಮೂವತ್ತು ವರ್ಷ. ಇಷ್ಟಾಗಿ ಅದು ರೋಗಿಯ ಆಯುಸ್ಸನ್ನು ತಿಂಗಳುಗಳ ಲೆಕ್ಕದಲ್ಲಿ ನೀಡುವ, ತೀವ್ರವಾದ ಭೇದಿಯನ್ನುಂಟುಮಾಡುವ ಔಷಧಿ. ಪ್ರಕೃತಿಜನ್ಯವಾದುದು ನಿರಪಾಯವೆಂದು ನಂಬುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮರಕ್ಕಾದರೋ ಕೀರ್ತಿಯಿಂದ ಒದಗಿದುದು ಕೊಡಲಿ. ಕಚ್ಚಾ ಸಾಮಗ್ರಿಗಾಗಿ ಘಟ್ಟದ ಮರಗಳನ್ನು ಬುಡಸಹಿತ ಕಡಿದು ಸಾಗಿಸಿದುದರಿಂದ ಅದು ಇಂದು ಅಪಾಯಕ್ಕೊಳಗಾದ ಜಾತಿಗಳ ಸಾಲಿಗೆ ಸೇರಿದೆ.

ಏಡಿಗಂತಿಯ ಮಾತೆತ್ತಿದೊಡನೆ ಈ ಸೀಮೆಯಲ್ಲಿ ನೆನಪಾಗುವ ಊರು ಸಾಗರ ತಾಲ್ಲೂಕಿನ ಆನಂದಪುರದ ಬಳಿಯ ನರಸೀಪುರ. ಅಲ್ಲಿಯ ವೈದ್ಯ ನಾರಾಯಣಮೂರ್ತಿಯವರು ೨೦೨೦ರಲ್ಲಿ ತೀರಿಕೊಳ್ಳುವವರೆಗೆ ಮರದ ತೊಗಟೆಯ ಔಷಧಿಗಾಗಿ ದೇಶದ ನಾನಾ ಭಾಗಗಳಿಂದ ಜನ ಬರುತ್ತಿದ್ದರು. ಅವರ ಸೇವಾಭಾವದ ವಿಚಾರ ಇಲ್ಲಿಯ ಚರ್ಚೆಯಲ್ಲ. ಜನಸಂದಣಿಯನ್ನು ಪ್ರಮಾಣವೆಂದು ಉಲ್ಲೇಖಿಸುವ ಲೇಖಕರ ಮಾತು ಮಾತ್ರ ಇಲ್ಲಿಯದು. ಅಂಥ ಕಡೆ ಬರುವವರಲ್ಲಿ ಮೊದಲೇ ಶಸ್ತ್ರಚಿಕಿತ್ಸೆಯಾದವರಿರುತ್ತಾರೆ, ಆಸ್ಪತ್ರೆಯ ಔಷಧಿಯನ್ನೂ ಜೊತೆಗೆ ಸೇವಿಸುವವರಿರುತ್ತಾರೆ. ಗುಣ ಕಂಡವರು ತಿರುಗಿ ಬಂದು ಹೇಳುತ್ತಾರೆ, ತೀರಿಹೋದವರು ಬರುವುದಿಲ್ಲ. ಸಂದಣಿಯನ್ನೆಣಿಸಿದರೆ ಮೊದಲಿನವರಷ್ಟೇ ಲೆಕ್ಕಕ್ಕೆ ಸಿಕ್ಕುತ್ತಾರೆ.

ಇದು ಪಂಡಿತರ ನಡುವಣ ಕೇವಲ ವಾದವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ದೊಡ್ಡ ಕರುಳಿನ ಏಡಿಗಂತಿಯು ಕರುಳಿನ ಗೋಡೆಯನ್ನು ದಾಟುವ ಮೊದಲೇ ಸಿಕ್ಕಿ ಶಸ್ತ್ರಚಿಕಿತ್ಸೆಯಾದರೆ ನೂರರಲ್ಲಿ ಸುಮಾರು ತೊಂಬತ್ತು ಮಂದಿ ಐದು ವರ್ಷಗಳ ಮೇಲೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಈ ಸಂಖ್ಯೆ ಇಪ್ಪತ್ತಕ್ಕೂ ಏರುವುದಿಲ್ಲ. ಹೊಸನಗರದ ಒಳಹಳ್ಳಿಯಲ್ಲಿ ಒಬ್ಬರಿಗೆ ಮಲದಲ್ಲಿ ರಕ್ತ ಕಂಡು, ಅದನ್ನು ಮೂಲವ್ಯಾಧಿಯೆಂದೇ ತಿಳಿದು ಆರು ತಿಂಗಳು ಚಕ್ಕೆಯ ಕಷಾಯ ಕುಡಿದರೆ, ಈ ಎರಡು ಸಂಖ್ಯೆಗಳ ನಡುವಣ ದೂರ ಆ ಆರು ತಿಂಗಳಲ್ಲಿಯೇ ಕಳೆದುಹೋಗಬಹುದು. ಕರುಳಿನೊಳಕ್ಕೆ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಆಗುಂಬೆಯ ಘಟ್ಟವಿಳಿದು ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಹೋಗಬೇಕಾದವರಿಗೆ, ವಿಶ್ವವಿದ್ಯಾನಿಲಯದವರೇ ಈ ಗಿಡವನ್ನು ಒಪ್ಪಿದ್ದಾರೆಂಬ ಪತ್ರಿಕೆಯ ಸುದ್ದಿಯೊಂದು ಪ್ರಯಾಣವನ್ನು ಮುಂದೂಡುವುದಕ್ಕೆ ಸಾಕಾದ ಕಾರಣವಾಗುತ್ತದೆ.

ಸಮೀಕ್ಷೆಗಳು ನಿಲ್ಲಬೇಕೆಂದು ಇದರ ಅರ್ಥವಲ್ಲ. ವಯಸ್ಸಾದ ವೈದ್ಯರೊಡನೆ ತಿಳಿವಳಿಕೆಯೂ ಹೋಗುತ್ತಿರುವುದರಿಂದ ಅವು ಇನ್ನೂ ಬೇಗ ನಡೆಯಬೇಕು. ವೈದ್ಯರು ಆಡಿದ ರೋಗದ ಹೆಸರನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಅನುವಾದವನ್ನು ಬೇರೆ ಕಾಲಮಿನಲ್ಲಿ ಇಡಲಿ. ಗಿಡದ ಮಾದರಿಯ ಸಂಖ್ಯೆ ಪ್ರತಿಯೊಂದು ನಮೂದಿಗೂ ಇರಲಿ. ರೋಗಿಗಳನ್ನು ವಿಚಾರಿಸುವವರು, ರಕ್ತ ಮೊದಲು ಕಂಡದ್ದು ಯಾವ ತಿಂಗಳು, ಆಸ್ಪತ್ರೆಯ ಪರೀಕ್ಷೆಯಾದದ್ದು ಯಾವ ತಿಂಗಳು ಎಂಬ ಎರಡು ಪ್ರಶ್ನೆಗಳನ್ನು ತಮ್ಮ ಪ್ರಶ್ನಾವಳಿಗೆ ಸೇರಿಸಿಕೊಳ್ಳಲಿ. ಕೋಶಗಳ ಪರೀಕ್ಷೆಗೆ ತಗಲುವ ವೆಚ್ಚದಲ್ಲಿ ಒಂದು ಪೈಸೆಯೂ ಇದಕ್ಕೆ ಬೇಕಾಗುವುದಿಲ್ಲ.