ಅವಸರದ ರಾಜಿ

ಲೋಕ ಅದಾಲತ್‌ನ ಉದ್ಘಾಟನೆಯಲ್ಲಿ ಯಾರಾದರೊಬ್ಬರು ಆ ಗಾದೆ ಹೇಳಿಯೇ ಹೇಳುತ್ತಾರೆ: ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ. ಸಭೆ ತಲೆದೂಗುತ್ತದೆ. ಮರುದಿನದ ಪತ್ರಿಕೆಯಲ್ಲಿ ಇತ್ಯರ್ಥವಾದ ಪ್ರಕರಣಗಳ ಲಕ್ಷಗಟ್ಟಲೆ ಲೆಕ್ಕ ಬರುತ್ತದೆ. ಬಡವರಿಗೆ ನ್ಯಾಯ ಸಿಕ್ಕಿತೆಂಬುದಕ್ಕೆ ಅದೇ ಸಾಕ್ಷಿ. ಆ ಗಾದೆ ಹೊಲದ ಬದುವಿಗಾಗಿ ಬಡಿದಾಡುವ ದಾಯಾದಿಗಳಿಗೆ ಒಪ್ಪೀತು. ನಗರದ ಸ್ಲಮ್ಮಿನವನ ಎದುರಾಳಿ ದಾಯಾದಿಯಲ್ಲ. ಅದು ವಿಮಾ ಕಂಪನಿ, ಬ್ಯಾಂಕು, ಪಾಲಿಕೆ.

ಸಂವಿಧಾನದ 39ಎ ವಿಧಿ, ಕೃಷ್ಣ ಅಯ್ಯರ್ ಮತ್ತು ಭಗವತಿಯವರ ವರದಿಗಳು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬರಲು 1995ರ ನವೆಂಬರ್‌ ತನಕ ಕಾದದ್ದು, ಇವೆಲ್ಲ ಓದುಗರಿಗೆ ಗೊತ್ತಿರುವ ಕತೆ. ನನ್ನ ತಕರಾರು ಆ ಕಾಯ್ದೆಯ ಒಂದೇ ವಾಕ್ಯದ ಮೇಲೆ: 20ನೇ ಕಲಮಿನ 4ನೇ ಉಪಕಲಮು.

ಅದರ ಸಾರ ಇಷ್ಟು: ಪಕ್ಷಗಾರರ ನಡುವೆ ರಾಜಿ ಕುದುರಿಸಲು ಅದಾಲತ್ತು ಅತ್ಯಂತ ತ್ವರೆಯಿಂದ ನಡೆಯತಕ್ಕದ್ದು; ನ್ಯಾಯ, ಸಮತೆಯ ತತ್ವಗಳು ಅದಕ್ಕೆ ದಾರಿ ತೋರತಕ್ಕದ್ದು. ಇಲ್ಲಿ ಅದಾಲತ್ತಿಗೆ ಹೇಳಿದ ಕೆಲಸ ಓಡುವುದು. ನ್ಯಾಯ ದಾರಿ ಬದಿಯ ಕೈಮರ. ಓಡುವವನು ಕೈಮರ ಓದುವುದುಂಟೇ? ‘ಪಕ್ಷಗಾರರು’ ಎಂಬ ಮಾತನ್ನೂ ನೋಡಿ. ಕಾಯಬಲ್ಲವನನ್ನೂ ಕಾಯಲಾರದವನನ್ನೂ ಅದು ಒಂದೇ ತಕ್ಕಡಿಯಲ್ಲಿ ಕೂರಿಸುತ್ತದೆ. ಅಪಘಾತದಲ್ಲಿ ಕಾಲು ಮುರಿದ ಗಾರೆ ಕೆಲಸದವನಿಗೆ ಮನೆ ಬಾಡಿಗೆ ಬಾಕಿಯಿದೆ, ಕೈಸಾಲ ಬೆಳೆದಿದೆ. ವಿಮಾ ಕಂಪನಿ ಅರ್ಧ ಮೊತ್ತ ಮುಂದಿಟ್ಟರೆ ಅವನು ಹೆಬ್ಬೆಟ್ಟು ಒತ್ತುತ್ತಾನೆ. ಕಡತ ಅದನ್ನು ಒಪ್ಪಿಗೆ ಎನ್ನುತ್ತದೆ, ನಾನು ಸುಸ್ತು ಎನ್ನುತ್ತೇನೆ. ಆಮೇಲೆ 21ನೇ ಕಲಮು ಬಾಗಿಲು ಹಾಕುತ್ತದೆ: ಅದಾಲತ್ತಿನ ಅವಾರ್ಡು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕೋರ್ಟಿಗೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ಬಿಟ್ಟುಕೊಟ್ಟ ಅರ್ಧ ಬರುವುದಿಲ್ಲ. ಈ ಅವಸರ ಎಲ್ಲಿಗೆ ಮುಟ್ಟಿತ್ತೆಂದರೆ, ಲೋಕ ಅದಾಲತ್ತಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ, ಒಪ್ಪಿದ್ದನ್ನು ದಾಖಲಿಸುವುದಷ್ಟೇ ಅದರ ಕೆಲಸ ಎಂದು 2008ರ ಜಲೌರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ನೆನಪಿಸಬೇಕಾಯಿತು.

ಇದನ್ನು ನಮ್ಮ ಅರಳಿಕಟ್ಟೆ ಪಂಚಾಯಿತಿಯ ಮರುಹುಟ್ಟು ಎಂದು ಕೊಂಡಾಡುವ ವಿಮರ್ಶಕರಿದ್ದಾರೆ. ಅವರನ್ನು ಒಂದೇ ಮಾತು ಕೇಳಬೇಕು: ಕಟ್ಟೆಯ ಮೇಲೆ ಕೂತವರು ಯಾರು, ಕೆಳಗೆ ಕೈಕಟ್ಟಿ ನಿಂತವರು ಯಾರು? ಕಟ್ಟೆ ಹತ್ತಲು ಬಿಡದ ಊರುಗಳನ್ನು ಬಿಟ್ಟು ಬಂದ ಎಷ್ಟೋ ಮನೆತನಗಳ ಮೊಮ್ಮಕ್ಕಳು ಇವತ್ತು ಬೆಂಗಳೂರಿನ ಸ್ಲಮ್ಮುಗಳಲ್ಲಿದ್ದಾರೆ. ಅವರಿಗೆ ಮತ್ತೆ ಅದೇ ಕಟ್ಟೆಯ ಆಸೆ ಹುಟ್ಟಿಸುವುದು ಯಾವ ನ್ಯಾಯ? ಕೋರ್ಟಿಗೆ ಜನ್ಮಕ್ಕೊಮ್ಮೆ ಬರುವವನು, ಮತ್ತೆ ಮತ್ತೆ ಬರುವವನ ಎದುರು ಸೋಲುವುದೇಕೆ ಎಂದು ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲೇ ಬಿಡಿಸಿ ತೋರಿಸಿದ್ದರು. 2004ರಲ್ಲಿ ಜಯಂತ್ ಕೃಷ್ಣನ್ ಜೊತೆಗೂಡಿ ಲೋಕ ಅದಾಲತ್ತನ್ನೇ ಸಂಶಯದಿಂದ ನೋಡಿದರು. ‘ವಿದೇಶಿ ಕಣ್ಣು’ ಎಂದು ಅದನ್ನು ತಳ್ಳಿಹಾಕಿದವರು, ವಿಮಾ ಕಂಪನಿಯ ಅಧಿಕಾರಿ ಪ್ರತಿ ಅದಾಲತ್ತಿಗೂ ಫೈಲುಗಳ ಕಟ್ಟು ಹೊತ್ತು ಬರುವುದನ್ನು ಸ್ವದೇಶಿ ಕಣ್ಣಿನಿಂದಾದರೂ ನೋಡಬಹುದಿತ್ತು.

ಲೋಕ ಅದಾಲತ್ತಿನಿಂದ ಉಪಯೋಗವೇ ಇಲ್ಲವೆಂದಲ್ಲ. ಚೆಕ್ ಬೌನ್ಸ್‌ನಂಥವು ಬೇಗ ಮುಗಿಯುತ್ತವೆ, ಮುಗಿಯಲಿ. 2023ರ ಫೆಬ್ರವರಿ 11ರ ಅದಾಲತ್ತಿನವರೆಗೆ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಾಗ ಬೆಂಗಳೂರಿನ ಸವಾರರು ಸಾಲುಗಟ್ಟಿ ನಿಂತರು. ವಸೂಲಿಯ ಉಪಾಯವಾಗಿ ಅದು ಚೆನ್ನಾಗಿಯೇ ಇತ್ತು. ಅಂಥದ್ದನ್ನು ಬಡವರ ನ್ಯಾಯದ ಖಾತೆಗೆ ಜಮಾ ಮಾಡುವುದೇಕೆ?

ಹೊಗಳಬೇಕಾದದ್ದು ಅದೇ ಕಾಯ್ದೆಯ 12ನೇ ಕಲಮು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಅದು ಆದಾಯ ಕೇಳದೆ ವಕೀಲರನ್ನು ಕೊಡುತ್ತದೆ. ಅದನ್ನು ಮನೆಬಾಗಿಲಿಗೆ ಮುಟ್ಟಿಸಬಲ್ಲವರು ಕಾನೂನು ನೆರವು ಕ್ಲಿನಿಕ್ಕಿನ ಅರೆ ಕಾನೂನು ಸ್ವಯಂಸೇವಕರು. ಅಪಘಾತದ ದಿನವೇ ಅಂಥವರೊಬ್ಬರು ಠಾಣೆಗೆ ಬಂದು ಎಫ್‌ಐಆರ್, ಆಸ್ಪತ್ರೆಯ ಕಾಗದ ಸರಿಪಡಿಸಿ ಕೊಟ್ಟಿದ್ದರೆ, ಆ ಗಾರೆ ಕೆಲಸದವನು ಅರ್ಧಕ್ಕೆ ‘ಬೇಡ’ ಎನ್ನುವ ಧೈರ್ಯ ಮಾಡುತ್ತಿದ್ದನೇನೋ. ಆದರೆ 2011ರ ಕ್ಲಿನಿಕ್ ನಿಯಮಾವಳಿ ಮೊದಲು ನೆನೆಯುವುದು ಹಳ್ಳಿಗಳನ್ನು, ಅದೂ ‘ಲಭ್ಯವಿರುವ ಹಣಕಾಸಿಗೆ ಒಳಪಟ್ಟು’. 20ನೇ ಕಲಮಿನ ತ್ವರೆಗೆ ಇಂಥ ಷರತ್ತನ್ನು ಯಾರೂ ಹಾಕಲಿಲ್ಲ.